ಕುಂಬಾರಬೀದಿ ಎದ್ದದ್ದು

ಕಲ್ಲಿದ್ದಲಿನ ಮೇಲೆ ಕಟ್ಟಿದ ಒಂದು ಊರಿತ್ತು. ಅಲ್ಲಿ ನೆಲದಡಿ ಅಗೆದಂತೆಲ್ಲ ಮೇಲಿನ ಮನೆಗಳು ಒಂದಿಷ್ಟು ಕುಸಿಯುತ್ತಿದ್ದವು. ಆದ್ದರಿಂದ ದೊರೆ ತಿಪ್ಪೇಶಿ ಎಂಬ ಅಳತೆಗಾರನನ್ನು ನೇಮಿಸಿ, ನೆಲದ ಮಟ್ಟ ನೋಡುತ್ತಿರಲು ಹೇಳಿದ್ದ. ಕಟ್ಟಳೆ ಒಂದೇ: ಅರಮನೆಯ ಹೊಸ್ತಿಲು ಎಂದೂ ಕದಲುವುದಿಲ್ಲ, ಎಲ್ಲವನ್ನೂ ಅದರಿಂದಲೇ ಅಳೆಯಬೇಕು.

ಅರಮನೆಯಡಿಯ ಕಲ್ಲಿದ್ದಲನ್ನೂ ತೆಗೆಸಿದ ವರ್ಷ ಅಳತೆ ವಿಚಿತ್ರವಾಗಿ ಬಂತು. ಅದುವರೆಗೆ ಹೊಸ್ತಿಲಿನ ಸಮಕ್ಕಿದ್ದ ಊರಂಚಿನ ಕುಂಬಾರಬೀದಿ ಈಗ ಅದಕ್ಕಿಂತ ಒಂದು ಮೊಳ ಮೇಲಿತ್ತು. ಆ ಬೀದಿಯಡಿ ಬರೀ ಜೇಡಿಮಣ್ಣು, ಅಲ್ಲಿ ಯಾರೂ ಗಣಿ ತೋಡಿರಲಿಲ್ಲ. ತಿಪ್ಪೇಶಿಗೆ ಅರ್ಥವಾಯಿತು. ಇಳಿದದ್ದು ಅರಮನೆ! ಅವನ ಮಗಳು ನೀಲಾಂಬೆ ಅಲ್ಲಿನ ಅಡುಗೆಮನೆಯಲ್ಲೇ ಕೆಲಸಕ್ಕಿದ್ದಳು. ಗೋಡೆಯ ಬಿರುಕಿಗೆ ಕೈಯಾರೆ ಮಣ್ಣು ಮೆತ್ತಿದ್ದನ್ನು ಮೊನ್ನೆ ತಾನೇ ನಗುತ್ತ ಹೇಳಿದ್ದಳು.

ಅವನು ಸಭೆಗೆ ಓಡಿದ. "ದೊರೆಗಳೇ, ಅರಮನೆ ಕುಸಿಯುತ್ತಿದೆ. ಎಲ್ಲರೂ ಹೊರಗೆ ಬರಬೇಕು."

"ಹೊಸ್ತಿಲು ಕದಲುವುದಿಲ್ಲ," ಎಂದ ದೊರೆ. "ಅಂದಮೇಲೆ ಕುಂಬಾರಬೀದಿಯೇ ಎದ್ದಿದೆ. ನಮಗಿಂತ ಎತ್ತರದಲ್ಲಿ ಕುಂಬಾರರು ಮಲಗುತ್ತಾರೇನು?"

"ಇಲ್ಲ ದೊರೆಗಳೇ, ಬೀದಿ ಎದ್ದಿಲ್ಲ..."

ಗಡಿಗೆ ಒಪ್ಪಿಸಲು ಬಂದು ಬಾಗಿಲಲ್ಲಿ ನಿಂತಿದ್ದ ಕುಂಬಾರರ ಸಾಕವ್ವ ನಡುವೆ ಬಾಯಿ ಹಾಕಿದಳು. "ಎದ್ದೈತೆ ಬುದ್ಧೀ! ಬೆಳಿಗ್ಗೆ ಬಾಗಿಲು ತೆಗೆದರೆ ತಲೆ ತಿರುಗ್ತದೆ. ಇಷ್ಟು ಎತ್ತರ ನಮ್ಮಂಥೋರಿಗೆ ಒಗ್ಗಲ್ಲ. ತಾವೇ ಬಂದು ಇರಬೇಕು."

ತಿಪ್ಪೇಶಿ ಏನೋ ಹೇಳಹೊರಟವನು ಅವಳ ಕಣ್ಸನ್ನೆ ಕಂಡು ಹೌದೆಂದು ತಲೆಯಾಡಿಸಿದ.

ಮರುದಿನವೇ ಅರಮನೆಗೆ ಅರಮನೆಯೇ ಗುಳೆ ಹೊರಟಿತು. ಆನೆ, ಪಲ್ಲಕ್ಕಿ, ಮಂತ್ರಿಗಳು, ಅಡುಗೆಯವರು, ಪಂಜರದ ಗಿಳಿಗಳು. ಕುಂಬಾರರು ಮನೆ ಬಿಟ್ಟುಕೊಟ್ಟು ಮಡಕೆ ಸುಡುವ ಆವಿಗೆಯ ಪಕ್ಕದಲ್ಲಿ ಚಪ್ಪರ ಹಾಕಿಕೊಂಡರು. ರಾಣಿ ಕುಂಬಾರರ ಚಕ್ರವಾದ ತಿಗರಿ ತಿರುಗಿಸುವುದನ್ನು ಕಲಿತಳು. ಮಂತ್ರಿ ಮಾಡಿದ ಮೊದಲ ಮಡಕೆ ಸೊಟ್ಟಗಾಗಿ ಬೀದಿಯೆಲ್ಲ ನಕ್ಕಿತು. ಕೊನೆಗೆ ಮಂತ್ರಿಯೂ ನಕ್ಕ. ನೀಲಾಂಬೆ ಬಯಲಲ್ಲಿ ಒಲೆ ಹೂಡಿ ಎಲ್ಲರಿಗೂ ಒಟ್ಟಿಗೆ ಬಡಿಸಿದಳು. ದೊರೆ ಸಾಕವ್ವನ ಜಗಲಿಯ ಮೇಲೆ ಕಾಲು ಚಾಚಿ, "ಎತ್ತರದ ಗಾಳಿಯೇ ಬೇರೆ," ಎಂದ.

ಮೊದಲ ಮಳೆಗೆ ಅರಮನೆ ಗೋಪುರದ ಸಮೇತ ನೆಲದೊಳಗೆ ಇಳಿದುಹೋಯಿತು. ಒಳಗೆ ಒಂದು ಬೆಕ್ಕೂ ಇರಲಿಲ್ಲ.

ಸದ್ದು ಕೇಳಿ ಎಲ್ಲರೂ ಬೀದಿಯ ತುದಿಗೆ ಬಂದು ನಿಂತರು. ದೊರೆ ಆ ಹಳ್ಳವನ್ನು ಬಹಳ ಹೊತ್ತು ನೋಡಿದ. ಆಮೇಲೆ ಅವನ ಮುಖ ಅರಳಿತು.

"ನೋಡಿದಿರಾ? ನಮ್ಮ ಬೀದಿ ಇನ್ನೂ ಎಷ್ಟು ಎದ್ದುಬಿಟ್ಟಿದೆ!"

ತಮಟೆಗಳು ಮೊಳಗಿದವು. ಕುಂಬಾರರು ಕುಣಿದರು, ರಾಣಿಯೂ ಕುಣಿದಳು.

"ಅಳತೆಗಾರ, ಎಷ್ಟು ಎದ್ದಿದೆ, ಹೇಳು," ಎಂದ ದೊರೆ.

ತಿಪ್ಪೇಶಿ ಕುಣಿಯುತ್ತಿದ್ದ ಮಗಳನ್ನು ನೋಡಿದ. ಅಳತೆಗೋಲನ್ನು ಮುಟ್ಟದೆಯೇ ತುಂಬು ಸಂತೋಷದಿಂದ ಉತ್ತರಿಸಿದ:

"ಆ ಹಳ್ಳ ಎಷ್ಟು ಆಳವೋ ಅಷ್ಟು, ದೊರೆಗಳೇ."