ನಾಟಕಕ್ಕೆಂದು ತೊಟ್ಟ ಲಂಗ

ನಾಟಕದವರಿಗೆ ನಮ್ಮ ಲಂಗ ಅಂದರೆ ಬರೀ ಬಟ್ಟೆ. ಪರದೆ ಏಳುವ ಮುಂಚೆ ತೊಡಬೇಕು, ಬಿದ್ದ ಮೇಲೆ ಬಿಚ್ಚಿ ನೇತುಹಾಕಬೇಕು, ಅಷ್ಟೇ. ನಾನು ಮದುವೆಗೆ ಮುಂಚಿನಿಂದಲೂ ಆ ಲಂಗಗಳನ್ನೇ ಹೊಲಿದು ಬದುಕಿದವಳು. ಈ ಚಳಿ ದೇಶದ ತಾಂಪೆರೆ ಊರಿನಲ್ಲಿ ಕಪ್ಪು ಮಖಮಲ್ಲಿನ ಲಂಗ ತೊಟ್ಟ ನಮ್ಮ ಜನದ ಹೆಂಗಸೊಬ್ಬಳು ಟ್ರಾಮ್ ಹತ್ತಿದರೆ, ಆ ನೆರಿಗೆ ಹಿಡಿದ ಕೈ ನನ್ನದೇ ಇರುವ ಸಂಭವ ಜಾಸ್ತಿ. ಎತ್ತಿದರೆ ಸೊಂಟ ಹಿಡಿದುಕೊಳ್ಳುವಷ್ಟು ಭಾರ. ಪ್ರಾಯಕ್ಕೆ ಬಂದ ಹುಡುಗಿ ತಾನೇ ಯೋಚಿಸಿ ಅದನ್ನು ತೊಡಬೇಕು, ಯಾರೂ ಬಲವಂತ ಮಾಡುವ ಹಾಗಿಲ್ಲ. ಬೇಡ, ಪ್ಯಾಂಟಿನಲ್ಲೇ ಇರುತ್ತೇನೆ ಅಂದರೂ ಸರಿ, ಮನೆಮಗಳು ಮನೆಮಗಳೇ. ಆದರೆ ಒಮ್ಮೆ ತೊಟ್ಟು ಹಿರಿಯರ ಕಣ್ಣಿಗೆ ಬಿದ್ದಳೋ, ಮುಗಿಯಿತು, ಸಾಯುವ ತನಕ ಅದೇ. ತೊಟ್ಟವಳು ಬಿಚ್ಚಿದರೆ ಮತ್ತೆ ಹಿರಿಯರ ಎದುರು ಬಂದು ನಿಲ್ಲುವ ಮುಖ ಅವಳಿಗಿರುವುದಿಲ್ಲ.

ನನ್ನ ಅಕ್ಕನ ಮಗಳು ವಿಯೋಲಾ ಬೇಡ ಅಂದವಳು. ಅಕ್ಕ ಹೋದ ಮೇಲೆ ಅವಳನ್ನು ಸಾಕಿದವಳು ನಾನೇ. ಚಿಕ್ಕಂದಿನಲ್ಲಿ ನನ್ನ ಹೊಲಿಗೆ ಯಂತ್ರದ ಕೆಳಗೆ ಕೂತು ರೇಡಿಯೋದವರ ಧ್ವನಿಗಳನ್ನೆಲ್ಲ ಅನುಕರಣೆ ಮಾಡುತ್ತಿದ್ದಳು. ದೊಡ್ಡವಳಾಗಿ ನಾಟಕ ಶಾಲೆಗೆ ಸೇರಿದಳು. "ಚಿಕ್ಕಮ್ಮ, ನನಗೆ ರಾಣಿ ಆಗಬೇಕು, ಪೊಲೀಸ್ ಆಗಬೇಕು, ಡಾಕ್ಟರ್ ಆಗಬೇಕು. ನಿನ್ನ ಲಂಗ ತೊಟ್ಟರೆ ಒಂದೇ ಒಂದು ಆಗೋದು. ಬೇಜಾರು ಮಾಡ್ಕೋಬೇಡ," ಅಂದಿದ್ದಳು. ನನಗೇನು ಬೇಜಾರು? ನನ್ನ ಸೊಂಟ ನನಗೆ ಗೊತ್ತು. ನನ್ನ ಅಣ್ಣ ಸುಲೋ, ನಮ್ಮ ಬಳಗಕ್ಕೆಲ್ಲ ಹಿರಿಯ, ಅವನೂ ಏನೂ ಅನ್ನಲಿಲ್ಲ. ಭಾನುವಾರ ಅವನ ಮನೆಯ ಕಾಫಿಗೆ ವಿಯೋಲಾ ಉದ್ದ ತೋಳಿನ ಅಂಗಿ ಹಾಕಿಕೊಂಡು ಹೋಗುತ್ತಿದ್ದಳು, ಅತ್ತಿಗೆ ಆವ್ರೋರಾ ಏಲಕ್ಕಿ ಬ್ರೆಡ್ಡಿನ ದೊಡ್ಡ ತುಂಡನ್ನು ಇವಳ ತಟ್ಟೆಗೇ ಹಾಕುತ್ತಿದ್ದಳು.

ಶಾಲೆ ಮುಗಿಸಿದ ಮೇಲೆ ಅವಳಿಗೆ ಸಿಕ್ಕ ಮೊದಲ ದೊಡ್ಡ ಪಾತ್ರ ಯಾವುದು ಹೇಳಿ ನೋಡೋಣ. ಜಿಪ್ಸಿ. ಊರಿನವರು ನಮ್ಮ ಜನಕ್ಕೆ ಇಟ್ಟ ಹೆಸರೇ ಅದು. ಹಳೇ ನಾಟಕ. ಸುಗ್ಗಿಯ ಕಾಲಕ್ಕೆ ಹಳ್ಳಿಗೆ ಬರುವ ಜಿಪ್ಸಿ ಹುಡುಗಿ ಕೈ ನೋಡಿ ಭವಿಷ್ಯ ಹೇಳುತ್ತಾಳೆ, ಬೆಳ್ಳಿ ಚಮಚ ಕದಿಯುತ್ತಾಳೆ, ಗಿರಣಿಯವನ ಮಗನ ತಲೆ ಕೆಡಿಸುತ್ತಾಳೆ, ಕೊನೆಯ ಅಂಕದಲ್ಲಿ ಗುಂಡು ತಿಂದು ಸಾಯುತ್ತಾಳೆ. ಹುಡುಗ ಅತ್ತು, ತನ್ನ ಜಾತಿಯ ಹುಡುಗಿಯನ್ನೇ ಮದುವೆಯಾಗುತ್ತಾನೆ. ಮೂರು ತಲೆಮಾರಿನಿಂದ ಇವರು ಇದನ್ನೇ ನೋಡಿ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದಾರೆ. ಅದೇ ಜನ ಅಂಗಡಿಯಲ್ಲಿ ನನ್ನನ್ನು ಕಂಡರೆ ಕೈಚೀಲ ಎದೆಗೆ ಒತ್ತಿಕೊಳ್ಳುತ್ತಾರೆ.

"ಒಪ್ಕೊಂಡೆಯಾ?" ಅಂದೆ.

"ಒಪ್ಕೊಂಡೆ ಚಿಕ್ಕಮ್ಮ. ಚಳಿಗಾಲಕ್ಕೆ ಇವರದೇ ಇನ್ನೊಂದು ನಾಟಕ ಇದೆ. ಅದರಲ್ಲಿ ಆಸ್ಪತ್ರೆಯ ಡಾಕ್ಟರ್ ಪಾತ್ರ ನನಗೇ ಅಂತ ನಿರ್ದೇಶಕಿ ಮಾತು ಕೊಟ್ಟಿದಾರೆ. ಇದೊಂದು ಮಾಡಿಬಿಟ್ರೆ ಆಯ್ತು."

"ಬಟ್ಟೆ?"

"ಕೆಂಪು ಲಂಗ, ಭುಜ ಬಿಟ್ಟ ರವಿಕೆ, ಕಿವೀಲಿ ಬಳೆಯಷ್ಟಗಲ ರಿಂಗು. ನಮ್ಮವರು ಯಾರೂ ಹಾಗೆ ಹಾಕಲ್ಲ ತಾನೆ? ಅದಕ್ಕೇ ಧೈರ್ಯ."

ಆ ಕೆಂಪು ಚಿಂದಿಯನ್ನು ನೆನೆಸಿಕೊಂಡರೆ ನನಗೆ ಮೈ ಉರಿಯುತ್ತಿತ್ತು. ಆದರೂ ಹುಡುಗಿಯ ಲೆಕ್ಕಾಚಾರ ಸರಿಯಿತ್ತು. ಅದು ನಮ್ಮ ಲಂಗವಲ್ಲ, ಹಾಗಾಗಿ ತೊಟ್ಟರೂ ತೊಟ್ಟಂತಲ್ಲ.

ಎಡವಟ್ಟಾಗಿದ್ದು ಒಳ್ಳೆಯತನದಿಂದ. ನಿರ್ದೇಶಕಿಯ ಹೆಸರು ಕಾಯ್ಸಾ. ಕೆಟ್ಟವಳಲ್ಲ, ಕೆಟ್ಟವಳಾಗಿದ್ದರೆ ನಾಲ್ಕು ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ನಮ್ಮ ಜನರ ಅಭಿಪ್ರಾಯ ಕೇಳಬೇಕು ಅಂತ ತಾಲೀಮಿನ ಒಂದು ಭಾಗ ತೋರಿಸಲು ಅಣ್ಣನನ್ನೂ ಇನ್ನೂ ಕೆಲವು ಹಿರಿಯರನ್ನೂ ಕರೆಸಿದಳು. ವಿಯೋಲಾ ಭುಜ ಬಿಟ್ಟುಕೊಂಡು ಬಂದ ಕೂಡಲೇ ಅಣ್ಣ ತಲೆ ತಗ್ಗಿಸಿದ, ಮತ್ತೆ ಎತ್ತಲಿಲ್ಲ. ಕೊನೆಗೆ ಕಾಯ್ಸಾ ಕೇಳಿದಾಗ ನೆಲ ನೋಡುತ್ತಲೇ ಹೇಳಿದ.

"ನಮ್ಮ ಹೆಣ್ಣುಮಕ್ಕಳು ಚಮಚ ಕದಿಯಲ್ಲ. ಶಾಪ ಹಾಕಲ್ಲ. ಹೀಗೆ ಓಡಾಡೋದೂ ಇಲ್ಲ. ತೋರಿಸೋದಾದ್ರೆ ಸರಿಯಾಗಿ ತೋರಿಸಿ."

ಕಾಯ್ಸಾ ಕಣ್ಣಲ್ಲಿ ನೀರು ತಂದುಕೊಂಡಳು. ನಾಟಕದ ಮಾತು ದೊಡ್ಡವರು ಬರೆದದ್ದು, ಅದರಲ್ಲಿ ಒಂದಕ್ಷರ ಅಲುಗಿಸುವ ಹಾಗಿಲ್ಲ ಅಂದಳು. ಆದರೆ ಉಡುಪು ಮಾತ್ರ ಖಂಡಿತ ಬದಲಾಯಿಸುತ್ತೇನೆ ಅಂದಳು. ಹೀಗೆ ಕಳ್ಳತನ ಉಳಿಯಿತು, ಬಟ್ಟೆ ಬದಲಾಯಿತು.

ಮಾರನೆಯ ವಾರ ಕಾಯ್ಸಾ ನನ್ನ ಮನೆಗೇ ಬಂದಳು.

"ಹೆಲ್ಮಿ ಅವರೇ, ವಿಯೋಲಾಗೆ ಒಂದು ಲಂಗ ನೀವೇ ಹೊಲ್ಕೊಡಬೇಕು. ಅಪ್ಪಟ ಆಗಿರಬೇಕು."

"ಹೊಲಿಯಲ್ಲ," ಅಂದೆ. ಯಾಕೆ ಅನ್ನುವುದನ್ನು ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದೆ.

ಪೂರ್ತಿ ಕೇಳಿಸಿಕೊಂಡಳು, ತಲೆಯನ್ನೂ ಆಡಿಸಿದಳು. "ಅರ್ಥ ಆಗುತ್ತೆ. ಆದರೆ ಇದು ವೇಷ ಅಲ್ವಾ? ಸ್ಟೇಜ್ ಮೇಲೆ ಮದುವೆ ಆದ್ರೆ ಮನೇಲಿ ಗಂಡ ಹೆಂಡತಿ ಆಗಿಬಿಡ್ತಾರಾ?"

"ನಿಮ್ಮ ಜನ ನಾಟಕ ನೋಡೋಕೆ ಬರ್ತಾರೆ ತಾಯಿ. ನಮ್ಮವರು ವಿಯೋಲಾನ ನೋಡೋಕೆ ಬರ್ತಾರೆ."

"ಹಾಗಾದ್ರೆ ಇದು ವೇಷ ಅಂತ ನಿಮ್ಮಣ್ಣಂಗೆ ಮುಂಚೇನೇ ಹೇಳಿಬಿಡಿ. ಅಷ್ಟೇ ತಾನೆ?"

"ಹಿರೀ ಗಂಡಸರ ಮುಂದೆ ನಾವು ಲಂಗದ ಮಾತೆತ್ತಲ್ಲ. ನೀವು ನಿಮ್ಮ ಮಾವನ ಮುಂದೆ ಕೂತು ನಿಮ್ಮ ಒಳಬಟ್ಟೆ ಸುದ್ದಿ ಮಾತಾಡ್ತೀರಾ?"

ಅವಳು ನಕ್ಕಳು. ನಾನು ನಗಲಿಲ್ಲ. ಹೋಗುವಾಗ ನನ್ನ ಕೈ ಹಿಡಿದುಕೊಂಡು, ಇಷ್ಟೆಲ್ಲ ತಿಳಿಸಿದ್ದಕ್ಕೆ ತುಂಬ ಉಪಕಾರವಾಯಿತು, ಎಷ್ಟು ಸಂಪನ್ನ ಪರಂಪರೆ ನಿಮ್ಮದು ಅಂದಳು. ಆಮೇಲೆ ಅವರ ಉಡುಪಿನ ವಿಭಾಗದವರು ಎಲ್ಲೋ ಫೋಟೋ ನೋಡಿಕೊಂಡು ಹಗುರ ಬಟ್ಟೆಯಲ್ಲಿ ಒಂದು ಹೊಲಿದರು, ಬೇಗ ಬಿಚ್ಚಲು ಬದಿಯಲ್ಲಿ ಜಿಪ್ ಇಟ್ಟರು. ಲಂಗಕ್ಕೆ ಜಿಪ್ ಅಂತೆ.

ನಾನೂ ಸುಮ್ಮನೆ ಕೂರಲಿಲ್ಲ. ಹೆಂಗಸರ ಮಾತು ಹೆಂಗಸರಲ್ಲಿ ಆಡಬಹುದಲ್ಲ, ಅತ್ತಿಗೆಯ ಅಡಿಗೆಮನೆಗೆ ಹೋಗಿ ಕೂತೆ.

"ಅತ್ತಿಗೆ, ಅದು ಸುಳ್ಳು ಲಂಗ. ಮಖಮಲ್ಲೂ ಅಲ್ಲ, ಭಾರಾನೂ ಇಲ್ಲ. ಹುಡುಗಿ ಹೊಟ್ಟೆಪಾಡಿಗೆ ಹಾಕ್ಕೋತಾಳೆ ಅಷ್ಟೆ."

ಅತ್ತಿಗೆ ಕಾಫಿ ಬಗ್ಗಿಸುತ್ತಾ, "ಕಣ್ಣಿಗೆ ಲಂಗ ಅಂತ ಕಂಡರೆ ಅದು ಲಂಗಾನೇ ಹೆಲ್ಮಿ. ನಾಳೆ ಅವಳು ಬಿಚ್ಚಿ ಪ್ಯಾಂಟ್ ಹಾಕ್ಕೊಂಡು ಬಂದ್ರೆ ನಿಮ್ಮಣ್ಣ ಎದ್ದು ಒಳಗೆ ಹೋಗ್ತಾರೆ. ಅವರು ಒಳಗೆ ಹೋದ ಮೇಲೆ ನಾನು ಹೇಗೆ ಕಾಫಿ ಕೊಡ್ಲಿ, ನೀನೇ ಹೇಳು," ಅಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

ಮನೆಗೆ ಬಂದು ವಿಯೋಲಾಗೆ, "ಬಿಟ್ಟುಬಿಡು ಆ ಪಾತ್ರಾನ," ಅಂದೆ.

"ಬಿಟ್ರೆ ಡಾಕ್ಟರೂ ಹೋಗ್ತಾಳೆ ಚಿಕ್ಕಮ್ಮ. ಮಾತು ಕೊಟ್ಟು ಕೈ ಕೊಟ್ಟ ಜಿಪ್ಸಿ ಅಂತ ಊರೆಲ್ಲ ಹೇಳ್ಕೊಂಡು ಬರ್ತಾರೆ. ಮತ್ತೆ ಯಾರು ಕರೀತಾರೆ?"

"ಹಾಕ್ಕೊಂಡ್ರೆ?"

"ಹಾಕ್ಕೊಂಡು, ಬಿಚ್ಚಿ, ಹಿಂದಿನ ಬಾಗಿಲಿಂದ ಹೋಗ್ತೀನಿ. ಸುಲೋ ಮಾವನ ಮನೆ ಅಲ್ಲಿಗೆ ಬಿಟ್ಟ ಹಾಗೇ. ಯೋಚನೆ ಮಾಡಿದೀನಿ." ಇಷ್ಟು ಹೇಳಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ನಲ್ಲಿಯ ಸದ್ದು ನನಗೆ ಏನನ್ನೂ ಮುಚ್ಚಲಿಲ್ಲ.

ಮೊದಲ ಪ್ರದರ್ಶನದ ದಿನ ಮೇ ತಿಂಗಳ ಬಿಸಿಲು ಸಂಜೆಯಾದರೂ ಇಳಿದಿರಲಿಲ್ಲ. ಮುಂದಿನ ಸಾಲು ಪೂರ್ತಿ ನಮ್ಮವರಿಗೆ. ಅಣ್ಣ ಇಸ್ತ್ರಿ ಮಾಡಿದ ಕರಿ ಕೋಟು ಹಾಕಿದ್ದ. ಹಿಂದಿನ ಸಾಲಿನವರು ನಮ್ಮ ಹೆಂಗಸರ ಲಂಗಗಳನ್ನು ಕಂಡು, ನಾಟಕ ಆಗಲೇ ಶುರುವಾಯಿತೇನೋ ಎಂಬಂತೆ ಕತ್ತು ಚಾಚಿ ನೋಡಿದರು.

ವಿಯೋಲಾ ರಂಗದ ಮೇಲೆ ಬಂದಳು. ಕಪ್ಪು ಲಂಗ, ಬಿಳಿ ಜರತಾರಿ ರವಿಕೆ, ಎತ್ತಿ ಕಟ್ಟಿದ ಕೂದಲು. ಸುಳ್ಳು ಬಟ್ಟೆಯಾದರೂ ನಡಿಗೆ ಸುಳ್ಳಾಗಿರಲಿಲ್ಲ, ನನ್ನ ಅಕ್ಕನೇ ನಡೆದು ಬಂದಂತಿತ್ತು. ಹಿಂದೆ ಯಾರೋ ಸಿಳ್ಳೆ ಹಾಕಿದರು, ಇನ್ಯಾರೋ "ಜೇಬು ನೋಡ್ಕೊಳ್ರಪ್ಪಾ," ಅಂದರು, ನಗು ಎದ್ದಿತು. ಆಗ ಅಣ್ಣ ಎದ್ದು ನಿಂತ. ಅವನ ಹಿಂದೆಯೇ ಅತ್ತಿಗೆ, ಅವಳ ಹಿಂದೆ ಸಾಲಿಗೆ ಸಾಲೇ. ಹೊಸದಾಗಿ ಲಂಗ ತೊಟ್ಟು ಬಂದ ಹುಡುಗಿಗೆ ನಮ್ಮ ಮನೆಯಲ್ಲಿ ಹಾಗೆ ಎದ್ದು ನಿಲ್ಲುತ್ತೇವೆ. ಅಣ್ಣನ ಕೆನ್ನೆ ಒದ್ದೆಯಾಗಿತ್ತು. ಹಿಂದಿನವರು ಕೂತ್ಕೊಳ್ಳಿ, ಕಾಣಿಸ್ತಿಲ್ಲ ಅಂದರು. ವಿಯೋಲಾಗೆ ಒಂದು ಕ್ಷಣ ಮಾತು ಮರೆತುಹೋಯಿತು. ಆಮೇಲೆ ನೆನಪು ಮಾಡಿಕೊಂಡು ಚಮಚ ಕದ್ದಳು, ಶಾಪ ಹಾಕಿದಳು, ಸತ್ತಳು. ಚಪ್ಪಾಳೆಗೆ ಸೂರು ಹಾರಿಹೋಗಬೇಕು, ಹಾಗೆ ತಟ್ಟಿದರು.

ನಾನು ಒಳಗಿನ ಕೋಣೆಗೆ ಓಡಿದೆ. ಉಡುಪು ನೋಡಿಕೊಳ್ಳುವ ಹೆಂಗಸು ಹ್ಯಾಂಗರ್ ಹಿಡಿದು ಕಾಯುತ್ತಿದ್ದಳು. ವಿಯೋಲಾಳ ಪ್ಯಾಂಟು ಕುರ್ಚಿಯ ಮೇಲಿತ್ತು.

"ಬೇಗ ಬದಲಾಯಿಸು," ಅಂದೆ. "ಅವರೆಲ್ಲ ಹೂ ಹಿಡ್ಕೊಂಡು ಮುಂದಿನ ಬಾಗಿಲಲ್ಲಿ ನಿಂತಿದಾರೆ. ನೀನು ಹಿಂದಿಂದ ಹೋಗು. ನಾನು ಏನೋ ಒಂದು ಹೇಳ್ತೀನಿ."

ಅವಳು ಜಿಪ್ಪಿಗೆ ಕೈ ಹಾಕಿದಳು, ಎಳೆಯಲಿಲ್ಲ.

"ಚಿಕ್ಕಮ್ಮ, ಅಷ್ಟೂ ಜನ ನಾನು ಸತ್ತಾಗ ಚಪ್ಪಾಳೆ ಹೊಡೆದ್ರು. ನಾನು ಬಂದಾಗ ಎದ್ದು ನಿಂತಿದ್ದು ಮಾವ, ನಮ್ಮವರು ಮಾತ್ರ."

"ಹುಚ್ಚಿ, ನಿನ್ನ ಡಾಕ್ಟರ್ ಪಾತ್ರ?"

"ಕಾಯ್ಸಾ ಮಾತು ಕೊಟ್ಟಿದಾರಲ್ಲ. ಉಡುಪು ಅಂದ್ರೆ ಬರೀ ವೇಷ ಅಂತ ಹೇಳಿದ್ದು ಅವರೇ ತಾನೆ? ಡಾಕ್ಟರ್ ಲಂಗದಲ್ಲೇ ಇರಲಿ. ಮೇಲೆ ಬಿಳಿ ಕೋಟು ಹಾಕ್ಕೊಂಡ್ರಾಯ್ತು."

ನಾನು ಅವಳ ಕೈ ಹಿಡಿದು ಎಳೆದೆ, ಬಯ್ದೆ, ಅಕ್ಕನ ಹೆಸರು ಹೇಳಿ ಆಣೆ ಹಾಕಿದೆ. ಅವಳು ಲಂಗ ಎತ್ತಿ ಹಿಡಿದು ಮುಂದಿನ ಬಾಗಿಲಿಗೇ ಹೋದಳು. ಅತ್ತಿಗೆ ಅವಳನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಆ ದಿನ ವಿಯೋಲಾ ನಕ್ಕ ಹಾಗೆ ಆಮೇಲೆ ನಕ್ಕಿದ್ದನ್ನು ನಾನು ನೋಡಿಲ್ಲ.

ಜಿಪ್ಪಿನ ಲಂಗ ನಾಟಕದವರದು, ಹಾಗಾಗಿ ನಿಜವಾದದ್ದನ್ನು ನಾನೇ ಹೊಲಿದೆ. ಹೊಲಿಯದೆ ಏನು ಮಾಡಲಿ? ಮೊದಲು ಮೆಟ್ಟಿಲು ಹತ್ತುವಾಗ ಎಡವುತ್ತಿದ್ದಳು, ಆಮೇಲೆ ರೂಢಿಯಾಯಿತು. ಹಿಂದಿನ ವರ್ಷ ಅವಳನ್ನು ಯಾರೂ ತಿರುಗಿ ನೋಡದ ಅಂಗಡಿಯಲ್ಲಿ ಈಗ ಕಾವಲಿನವನು ಅವಳ ಹಿಂದೆಯೇ ಸುತ್ತುತ್ತಾನೆ.

ಹಿಮ ಬೀಳಲು ಶುರುವಾದಾಗ ಕಾಯ್ಸಾ ಅವಳನ್ನು ಕರೆಸಿದಳು. ವಾಪಸು ಬಂದ ವಿಯೋಲಾ ಬೂಟನ್ನೂ ಬಿಚ್ಚದೆ ನನ್ನ ಹೊಲಿಗೆ ಮೇಜಿನ ಮುಂದೆ ಕೂತಳು.

"ಡಾಕ್ಟರ್ ಪಾತ್ರ ಬೇರೆಯವಳಿಗೆ ಕೊಟ್ರು."

"ಯಾಕಂತೆ?"

"ಜನ ಲಂಗಾನೇ ನೋಡ್ತಾರಂತೆ, ಡಾಕ್ಟರ್‌ನ ನೋಡಲ್ಲವಂತೆ. ಹಾಗಾದ್ರೆ ಬಿಚ್ಚು ಅಂತಾನಾದ್ರೂ ಅನ್ನಬಹುದಿತ್ತು, ಅನ್ನಲಿಲ್ಲ. 'ನಿಮ್ಮ ಚಿಕ್ಕಮ್ಮ ನನಗೆ ಎಲ್ಲ ಹೇಳಿಕೊಟ್ಟಿದಾರೆ, ಲಂಗ ತೆಗೆಯೋಕೆ ಹೇಳಿ ನಿನ್ನ ಪರಂಪರೆಗೆ ಅವಮಾನ ಮಾಡೋದುಂಟಾ,' ಅಂದ್ರು. ಕಣ್ಣಲ್ಲಿ ನೀರು ಬೇರೆ."

ನನಗೆ ಆ ಕಾಯ್ಸಾಳ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಭಾನುವಾರದ ಕಾಫಿಗೆ ಹೆಮ್ಮೆಯಿಂದ ಕಾಯುತ್ತಿದ್ದ ಅಣ್ಣನ ಮೇಲೂ ಸಿಟ್ಟು ಬಂತು. ಅವನಿಗೆ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ಇವತ್ತಿಗೂ ಇಲ್ಲ.

"ಬರಿಗೈಲಿ ಕಳಿಸಿದ್ಲಾ?"

"ಇಲ್ಲ ಚಿಕ್ಕಮ್ಮ. ಅದೇ ನಾಟಕದಲ್ಲಿ ಆಸ್ಪತ್ರೆ ಬಾಗಿಲಲ್ಲಿ ಕೈ ನೋಡಿ ಭವಿಷ್ಯ ಹೇಳೋ ಒಬ್ಬ ಜಿಪ್ಸಿ ಇದಾಳೆ. ಅದು ನನಗೆ. ಲಂಗ ಹೇಗೂ ನಿನ್ನದೇ ಇದೆಯಲ್ಲ ಅಂದ್ರು."

"ನೀನೇನಂದೆ?"

ವಿಯೋಲಾ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದಳು.

"ಹೂಂ ಅಂದೆ. ಈ ಸಲ ಮೊದಲನೇ ಅಂಕದಲ್ಲೇ ಸಾಯೋದು. ಬೇಗ ಮನೆಗೆ ಬಂದುಬಿಡ್ತೀನಿ."