ಬದನೆಯ ತವರು

"ಸ್ಥಳೀಯ ಅಂದ್ರ ಯಾರವಾ?"

ಮಾರ್ಗದರ್ಶಕ ಡಾ. ರಾವಸಾಹೇಬ ಚೌಗಲಾ ಕನ್ನಡಕವನ್ನು ಹಣೆಗೇರಿಸಿ ಅರ್ಜಿಯ ಮೂರನೆಯ ಪುಟವನ್ನು ದಾಕ್ಷಾಯಿಣಿಯ ಕಡೆ ತಿರುಗಿಸಿದರು. 'ಬೀಜದ ಮೂಲ' ಎಂಬಲ್ಲಿ ಅವಳು ಒಂದೇ ಪದ ಬರೆದಿದ್ದಳು: ಸ್ಥಳೀಯ.

"ತುಕ್ಕಾನಟ್ಟಿದು ಸರ್. ರೈತರ ಮನಿಯಿಂದ ತಂದಿದ್ದು."

"ರೈತರಿಗೆ ಹೆಸರಿರ್ತೈತಿಲ್ಲೋ? ನಾ ಅರಭಾವಿಗೆ ಬಂದು ಹದಿನೆಂಟು ವರ್ಷ ಆತು. ಸ್ಥಳೀಯ ಅನ್ನೋ ಹೆಸರಿನವರು ಒಬ್ಬರೂ ಭೆಟ್ಟಿ ಆಗಿಲ್ಲ ನೋಡು."

ಅದು 2006ರ ಫೆಬ್ರವರಿ. ಎಂ.ಎಸ್ಸಿ. ಪ್ರಬಂಧಕ್ಕಾಗಿ ದಾಕ್ಷಾಯಿಣಿ ಅರಭಾವಿಯ ತೋಟಗಾರಿಕೆ ಕಾಲೇಜಿನ ತಾಕಿನಲ್ಲಿ ಇಪ್ಪತ್ನಾಲ್ಕು ಬಗೆಯ ಬದನೆ ಬೆಳೆದಿದ್ದಳು. ಸೊರಗು ರೋಗ ಬಿದ್ದಾಗ ಇಪ್ಪತ್ಮೂರು ಸಾಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗಿಡ ಸತ್ತವು. ಹದಿನೇಳನೆಯ ಸಾಲಿನ ನೂರರಲ್ಲಿ ತೊಂಬತ್ತೊಂದು ನಿಂತವು. ಆ ತಳಿಯನ್ನು ನೋಂದಾಯಿಸಲು ನೆರವಾಗುವುದಾಗಿ ವಿಶ್ವವಿದ್ಯಾಲಯ ಹೇಳಿತ್ತು. ಆದರೆ ಬೀಜ ಕೊಟ್ಟವರ ಲಿಖಿತ ಒಪ್ಪಿಗೆ ಇಲ್ಲದೆ ಸಮಿತಿ ಅರ್ಜಿ ಮುಟ್ಟುವಂತಿರಲಿಲ್ಲ. ಸಭೆ ಶನಿವಾರ. ಒಪ್ಪಿಗೆ ಸಿಗದಿದ್ದರೆ ಹದಿನೇಳನೆಯ ಸಾಲನ್ನು ಪ್ರಬಂಧದಿಂದಲೇ ತೆಗೆಯಬೇಕು.

ಗುರುವಾರ ಅವಳು ತುಕ್ಕಾನಟ್ಟಿಗೆ ಹೋದಾಗ ಕೆಂಚವ್ವ ಅಂಗಳದಲ್ಲಿ ಹಣ್ಣು ಬದನೆ ಕಿವುಚಿ, ಬೀಜ ತೊಳೆದು, ಬೂದಿ ಹಚ್ಚುತ್ತಿದ್ದಳು. ಎರಡು ವರ್ಷದ ಹಿಂದೆ ಬೀಜ ಕೊಟ್ಟವಳು ಇವಳೇ. ಪಕ್ಕದ ಕಟ್ಟೆಯ ಮೇಲೆ ಮೈದುನ ಖಂಡೆಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

"ಬಾ ಯವ್ವಾ. ನನ್ನ ಬದನಿ ಹೆಂಗದಾಳ?"

"ಛಲೋ ಅದಾಳ ಆಯಿ. ಉಳಿದಾವೆಲ್ಲಾ ಸತ್ತ್ರೂ ಅಕಿ ನಿಂತಾಳ." ದಾಕ್ಷಾಯಿಣಿ ಕಾಗದ ತೆಗೆದಳು. "ನಿಮ್ಮ ಹೆಸರು ಬರೀಬೇಕಿತ್ತು. ನಾ ಬರದಿಲ್ಲ. ತಪ್ಪಾತು."

"ಮತ್ತೇನಂತ ಬರದಿದ್ದಿ?"

"ಸ್ಥಳೀಯ ಅಂತ."

"ಅದು ಯಾವ ಮನಿತನಾನೋ!" ಎಂದ ಖಂಡೆಪ್ಪ. ಕೆಂಚವ್ವ ನಕ್ಕಳು. ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು. ಸಾಕ್ಷರತಾ ವರ್ಗದಲ್ಲಿ ಕಲಿತ ಸಹಿ ಹಾಕಲು ಅವಳಿಗೆ ಇಷ್ಟ. ಆದರೆ ಅಕ್ಷರಗಳನ್ನು ಬೆರಳಿಟ್ಟು ಓದುತ್ತ ಒಂದು ಪದದ ಬಳಿ ತಡೆದಳು.

"ತ-ಳಿ-ಯ ಮಾ-ಲೀ-ಕ-ರು. ಇದೇನಿದು?"

"ಬದನಿ ನಿಮ್ಮದು ಅಂತ."

"ನಂದು ಹೆಂಗ ಆಕ್ಕೈತಿ? ಧುಪದಾಳದಾಗ ನಮ್ಮವ್ವ ನನ್ನ ಉಡಿಯಾಗ ಹಾಕಿ ಕಳಿಸಿದ್ದು. ಈ ಓಣ್ಯಾಗ ಹನ್ನೆರಡು ಮನಿಗೆ ನಾ ಉಡಿಯಾಗ ಹಾಕೇನಿ. ನಿನಗೂ ಹಾಕಿದ್ನಿಲ್ಲೋ? ಉಡಿಯಾಗ ಕೊಟ್ಟದ್ದಕ್ಕ ಮಾಲೀಕಿ ಅಂತ ಸಹಿ ಮಾಡಿದ್ರ ಆ ಹನ್ನೆರಡು ಮನಿಯವರು ನನ್ನ ಮಾರಿಗೆ ಏನಂದಾರು?"

"ಸಹಿ ಮಾಡಬ್ಯಾಡ ವೈನಿ," ಎಂದ ಖಂಡೆಪ್ಪ. "ನಾಳೆ ಎಣಗಾಯಿ ಮಾಡಾಕ ಕಾಲೇಜಿನ ಪರವಾನಗಿ ಕೇಳಬೇಕಾಕ್ಕೈತಿ."

"ನೀ ಸುಮ್ಕಿರೋ. ತಿನ್ನಾವ ನೀ, ಬೆಳ್ಯಾಕಿ ನಾನು."

ಕೆಂಚವ್ವ ಪೆನ್ನು ಕೆಳಗಿಟ್ಟಳು. ದಾಕ್ಷಾಯಿಣಿ ಬೂದಿ ಹಚ್ಚಿದ ಬೀಜಗಳನ್ನು ನೋಡಿದಳು. ಹತ್ತೊಂಬತ್ತು ವರ್ಷ ಈ ಹೆಂಗಸು ಸೊರಗದೆ ಉಳಿದ ಗಿಡದ ಕಾಯಿಗೆ ಕೆಂಪು ದಾರ ಕಟ್ಟಿ, ಅದನ್ನು ಅಡಿಗೆಗೆ ಕೊಯ್ಯದೆ, ಬೀಜಕ್ಕೆ ಬಿಟ್ಟಿದ್ದಳು. ತಾಕಿನಲ್ಲಿ ತಾನು ಎಣಿಸಿದ ತೊಂಬತ್ತೊಂದು ಗಿಡಗಳು ಆ ದಾರದಿಂದ ಬಂದವು.

"ಆಯಿ, ಮಗಳನ್ನ ಕೊಟ್ಟ ಮ್ಯಾಲೆ ಹೆತ್ತವರಿಗೆ ಮಾಲೀಕರು ಅನ್ನಂಗಿಲ್ಲ, ಖರೆ. ಮತ್ತೇನಂತಾರ?"

"ತವರಮನಿ ಅಂತಾರ. ಮತ್ತೇನಂತಾರ?"

ದಾಕ್ಷಾಯಿಣಿ 'ಮಾಲೀಕರು' ಎಂಬುದರ ಮೇಲೆ ಗೆರೆ ಎಳೆದಳು. ಬರೆದದ್ದನ್ನು ಗಟ್ಟಿಯಾಗಿ ಓದಿದಳು: "ತವರು, ಧುಪದಾಳ. ಸಾಕಿ ಆರಿಸಿದವರು, ಕೆಂಚವ್ವ, ತುಕ್ಕಾನಟ್ಟಿ. ಊರವರು ಬಿತ್ತಲು, ಒಬ್ಬರಿಗೊಬ್ಬರು ಬೀಜ ಕೊಡಲು ಅಡ್ಡಿಯಿಲ್ಲ."

"ಇನ್ನೊಮ್ಮೆ ಓದು," ಎಂದಳು ಕೆಂಚವ್ವ. ಎರಡನೆಯ ಸಲ ಕೇಳಿದ ಮೇಲೆ ಸಹಿ ಮಾಡಿದಳು. 'ವ್ವ'ದ ಒತ್ತಕ್ಷರ ಗೆರೆಯಿಂದ ಕೆಳಗಿಳಿಯಿತು.

ಶನಿವಾರ ಕೆಂಚವ್ವ ಕರೆಯದೆಯೇ ಬಸ್ಸು ಹತ್ತಿ ಬಂದಳು. ಸಮಿತಿಯಲ್ಲಿ ಐದು ಜನ. ಅಚ್ಚಾದ ನಮೂನೆಯನ್ನು ತಿದ್ದುವಂತಿಲ್ಲ ಎಂದು ಒಬ್ಬರು ತಕರಾರು ತೆಗೆದರು. ರಾವಸಾಹೇಬರು ನಿಯಮದ ಪ್ರತಿಯನ್ನು ಅವರ ಮುಂದೆ ಸರಿಸಿದರು.

"ನಾಕನೇ ಕಲಮು ಓದ್ರಿ. 'ಬೀಜ ಒದಗಿಸಿದವರ ಒಪ್ಪಿಗೆ' ಅಂತೈತಿ. ಮಾಲೀಕರು ಅಂತ ಅಚ್ಚು ಹಾಕಿದವರು ನಾವು. ತಿದ್ದಿಸಿದವರು ಬೀಜ ಕೊಟ್ಟವರು."

ತಕರಾರು ತೆಗೆದವರು ಅದನ್ನು ಓದಿ, ಅರ್ಜಿಯನ್ನು ಮುಂದಕ್ಕೆ ದಾಟಿಸಿದರು. ಐದೂ ಸಹಿ ಬಿದ್ದವು.

ಆಮೇಲೆ ದಾಕ್ಷಾಯಿಣಿ ಕೆಂಚವ್ವನನ್ನು ತಾಕಿಗೆ ಕರೆದುಕೊಂಡು ಹೋದಳು. ರಾವಸಾಹೇಬರೂ ಜೊತೆಗಿದ್ದರು. ತಾಕಿನ ಗಿಡಗಳನ್ನು ಅವರು ಹೊರಗಿನವರಿಗೆ ಮುಟ್ಟಗೊಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ಹದಿನೇಳನೆಯ ಸಾಲಿನ ತಗಡಿನ ಮೇಲಿದ್ದ ಅಂಕಿಯ ಕೆಳಗೆ ಹೊಸ ಬಣ್ಣದಲ್ಲಿ ಅವಳ ಹೆಸರಿತ್ತು. ಕೆಂಚವ್ವ ಬೆರಳಿಟ್ಟು ಓದಿದಳು. ಬೆರಳಿಗೆ ಬಣ್ಣ ಹತ್ತಿತು. ಅದನ್ನು ಒರೆಸಿಕೊಳ್ಳದೆ ಸಾಲಿನೊಳಗೆ ಇಳಿದು, ಒಂದೊಂದೇ ಗಿಡದ ಬುಡ ನೋಡುತ್ತ ಹೋಗಿ, ಆರನೆಯದರ ಮುಂದೆ ಕುಳಿತಳು. ಸೆರಗಿನ ಅಂಚಿನಿಂದ ಒಂದು ಕೆಂಪು ಎಳೆ ಜಗ್ಗಿ ಕಾಯಿಯ ತೊಟ್ಟಿಗೆ ಕಟ್ಟತೊಡಗಿದಳು.

ಬಿಸಿಲು ಅವಳ ಬೆನ್ನ ಮೇಲಿತ್ತು. ರಾವಸಾಹೇಬರು ಎರಡು ಹೆಜ್ಜೆ ಸರಿದು, ತಮ್ಮ ನೆರಳು ಅವಳ ಮೇಲೆ ಬೀಳುವಂತೆ ನಿಂತರು.