ಮಾವನವರ ಬ್ರೇಕ್ ಪೈಪು

ಅರವತ್ತೈದನೇ ಇಸವಿಯಲ್ಲಿ ಹೊಸನಗರದ ಮಂಜುನಾಥಪ್ಪ ತನ್ನ ಹಳೇ ಕಾರಿಗೆ ಹಿಂದಿನ ಆಕ್ಸಲ್ ಹೊಸದು ಹಾಕಿಸಿದ. ಬ್ರೇಕ್ ಪೈಪು ಮಾತ್ರ ತುಕ್ಕು ಹಿಡಿದ ಹಳೆಯದೇ.

"ಅದನ್ನೂ ಬದಲಾಯಿಸ್ಬಾರ್ದಾ?" ಎಂದಳು ಹೆಂಡತಿ ಮೀನಾಕ್ಷಮ್ಮ.

"ತೀರಿಹೋದ ನಮ್ಮಪ್ಪ ಹಾಕಿಸಿದ್ದು ಕಣೇ. ಕಬ್ಬಿಣ ಅಂದ್ರೆ ಅದು!"

ಕಾರಿನ ಪೂಜೆಯಲ್ಲಿ ಮಾತ್ರ ಅವನದು ಭಾರೀ ಮುಂದಾಲೋಚನೆ. ಬಾಡಿದ ನಿಂಬೆಹಣ್ಣು ಚಕ್ರದಡಿ ಇಟ್ಟರೆ ಅಪಾಯವೆಂದು ಸಾಗರದಿಂದ ತಾಜಾ ಹಣ್ಣನ್ನೇ ತರಿಸಿದ. ಇಂಥ ಗಂಡ ಸಿಗಲು ಯಾವ ಜನ್ಮದ ಪುಣ್ಯವೋ ಎಂದುಕೊಂಡು ಮೀನಾಕ್ಷಮ್ಮ ಕಾರು ಹತ್ತಿದಳು.

ನಿಂಬೆಹಣ್ಣು ಜಜ್ಜಿಕೊಂಡು ಕಾರು ಹೊರಟಿತು. ಇಳಿಜಾರಿನಲ್ಲಿ ಬ್ರೇಕ್ ತುಳಿದದ್ದೇ ತಡ, ಪೈಪು ಒಡೆಯಿತು. ಕಾರು ಬೇಲಿ ಮುರಿದು ಗೊಬ್ಬರದ ಗುಂಡಿಗೆ ಇಳಿದು ನಿಂತಿತು.

"ನೋಡಿದ್ಯಾ, ಆಕ್ಸಲ್‌ಗೆ ಏನೂ ಆಗ್ಲಿಲ್ಲ!" ಎಂದ ಮಂಜುನಾಥಪ್ಪ.

ಮೀನಾಕ್ಷಮ್ಮ ಸೆರಗಿನ ಗೊಬ್ಬರ ಕೊಡವಿದಳು. "ಹೌದ್ರೀ. ಈ ಗುಂಡಿ ಅಡ್ಡ ಬರ್ದಿದ್ರೆ ಮಾವನೋರ ಪೈಪು ನಮ್ಮನ್ನ ಸೀದಾ ಮಾವನೋರ ಹತ್ರಾನೇ ಮುಟ್ಟಿಸ್ತಿತ್ತು."